ಗಾರ್ಗಿಯ ಹಾಡು

ನವೆಂಬರ್ ೯, ಶನಿವಾರ. ಎಡಿಸನ್.

ಟಿನ್ ಲ್ಯಾಂಟರ್ನ್ಸ್ ಕಾಲೇಜಿನಿಂದಲೂ ನನ್ನ ಪ್ರೀತಿಯ ಬ್ಯಾಂಡು. ಅವರ ‘ಸ್ಯಾಟರ್ಡೇ ಶೂಸ್’ ಒಂದನ್ನು ಮಾತ್ರ, ರೇಡಿಯೋಗಾಗಿ ಮಾಡಿದ ಅಗ್ಗದ ಕುಣಿತದ ಹಾಡೆಂದು ಇಷ್ಟು ವರ್ಷ ಹೀಗಳೆದಿದ್ದೆ.

ಸಂಜೆ ಪಕ್ಕದೂರು ಐಸೆಲಿನ್‌ನಲ್ಲಿ ನನ್ನ ಗೆಳತಿಯ ಮನೆಯ ಪಾರ್ಟಿಗೆ ಡ್ರೈವ್ ಮಾಡುವಾಗ ಕಾರಿನ ರೇಡಿಯೋದಲ್ಲಿ ಅದೇ ಬಂತು. ಬದಲಿಸಲು ಕೈಚಾಚಿದೆ.

“ಡೋಂಟ್, ಅಮ್ಮಾ. ಇಟ್ಸ್ ಮೈ ಸಾಂಗ್,” ಎಂದಳು ಮಗಳು ಗಾರ್ಗಿ.

“ಇದಾ? ಇದು ಬರೇ ಕುಣಿಯೋ ಹಾಡಲ್ಲೇನ?”

“ನೋ. ಶೀ ಡಾನ್ಸಸ್ ಸೋ ನೋಬಡಿ ಆಸ್ಕ್ಸ್ ವಾಟ್ಸ್ ರಾಂಗ್. ದಟ್ಸ್ ಮಿ, ಅಮ್ಮಾ. ಎವ್ರಿ ಪಾರ್ಟಿ.”

ಏನಾಯಿತೆಂದು ಯಾರೂ ಕೇಳದಿರಲಿ ಎಂದು ಕುಣಿಯುವ ಹುಡುಗಿ! ಹಾಡು ಪೂರ್ತಿ ಬಾಯಿಪಾಠವಿತ್ತು ನನಗೆ, ಒಂದು ಮಾತೂ ಕೇಳಿಸಿರಲಿಲ್ಲ. ಪಾರ್ಟಿಗಳಲ್ಲಿ ಇವಳ ಕುಣಿತದ ವಿಡಿಯೋ ಮಾಡಿ ಊರಿಗೆ, ಧಾರವಾಡದ ಮನೆಯವರಿಗೆ ಕಳಿಸುತ್ತಿದ್ದವಳೂ ನಾನೇ.

ಸೀರೆ ಅಂಗಡಿಯ ಮುಂದೆ ಕಾರು ನಿಲ್ಲಿಸಿದೆ. “ಏನಾಗೇದವ್ವಾ?” ಎಂದೆ. ಬಹಳ ಹೊತ್ತು ಅತ್ತಳು. ಶಾಲೆಯಲ್ಲಿ ಗೆಳತಿಯರೆಲ್ಲ ಇವಳನ್ನು ಬಿಟ್ಟಿದ್ದಾರಂತೆ. ಬೇಸಿಗೆ ರಜೆ ಮುಗಿದಾಗಿನಿಂದಲೂ ಒಬ್ಬಳೇ ಕೂತು ಊಟ ಮಾಡುತ್ತಾಳಂತೆ. ಪಾರ್ಟಿಗೆ ಹೋಗದೆ ಮನೆಗೆ ಬಂದೆವು.

ಈಗ ನನ್ನ ಪಕ್ಕದಲ್ಲೇ ಮಲಗಿದ್ದಾಳೆ. ಇಯರ್‌ಫೋನಿನಲ್ಲಿ ಹಾಡು ಮತ್ತೆ ಕೇಳಿದೆ. ಕೊನೆಯ ಚರಣದಲ್ಲಿ ಆ ಹುಡುಗಿ ಕುಣಿಯುತ್ತಲೇ ಬಾಗಿಲ ಕಡೆ ನೋಡುತ್ತಾಳೆ. ಯಾರಾದರೂ ಬಂದು ಕೇಳಲಿ ಎಂದೇ ಅಲ್ಲವೇ ಅವಳು ಅಷ್ಟು ಹೊತ್ತು ಕುಣಿದದ್ದು?