ಊರ ಮನೆಯ ಬೀಗಕ್ಕೆ ವೋಟು ಕೇಳಿ ಹೋದವರಿಗೆ

ಮಾನ್ಯ ಚುನಾವಣಾಧಿಕಾರಿಗಳೇ,

ನನ್ನ ಅತ್ತೆಯ ವೋಟು ಎಲ್ಲಿದೆ? ಸುತ್ತಿ ಬಳಸಿ ಕೇಳುವ ಅಭ್ಯಾಸ ನನಗಿಲ್ಲ, ಅದಕ್ಕೇ ಮೊದಲ ಸಾಲಿನಲ್ಲೇ ಕೇಳಿಬಿಟ್ಟೆ. ಕಳೆದ ವಿಧಾನಸಭಾ ಚುನಾವಣೆಯಲ್ಲಿ ಎಂಬತ್ತೇಳು ವರ್ಷದ ಗಿರಿಜವ್ವ ಎಂಬ ಮತದಾರರು ಮನೆಯಲ್ಲೂ ಮತ ಹಾಕಲಿಲ್ಲ, ಮತಗಟ್ಟೆಯಲ್ಲೂ ಹಾಕಲಿಲ್ಲ. ಆದರೆ ನಿಮ್ಮ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಅಂಚೆ ಮತ ಎಂಬ ಗುರುತು ಬಿದ್ದಿದೆ. ಆ ಗುರುತಿನ ಅರ್ಥ ಮತ ಬಿದ್ದಿದೆ ಎಂದೋ ಬಿದ್ದಿಲ್ಲ ಎಂದೋ ನೀವು ಹೇಳುತ್ತಿಲ್ಲ. ನೀವು ಹೇಳದ್ದರಿಂದ ಊರು ಹೇಳುತ್ತಿದೆ: ಗಿರಿಜವ್ವನ ವೋಟನ್ನು ಸೊಸೆ ನುಂಗಿದಳು. ಆ ಸೊಸೆ ನಾನು. ಊರವರಷ್ಟೇ ಅಂದಿದ್ದರೆ ತಿರುಗಿ ನಾಲ್ಕು ಮಾತು ಅಂದು ಸುಮ್ಮನಾಗುತ್ತಿದ್ದೆ. ನನ್ನ ಅತ್ತೆಯೂ ಅದನ್ನೇ ನಂಬಿ ಕೂತಿದ್ದಾರೆ, ಅದು ನನಗೆ ತಡೆಯಲಾಗುತ್ತಿಲ್ಲ.

ನಿಮ್ಮ ಹೆಸರು ನನಗೆ ಗೊತ್ತು, ಬರೆಯುವುದಿಲ್ಲ. ನಮ್ಮ ಊರಿನ ಹೆಸರನ್ನೂ ಬರೆಯುವುದಿಲ್ಲ. ಬರೆದರೆ ನೀವು ಉತ್ತರ ಕೊಡುವ ಮೊದಲು ಎರಡೂ ಪಕ್ಷದವರು ಗಾಡಿ ಹತ್ತಿ ನಮ್ಮ ಅಂಗಳಕ್ಕೆ ಬಂದಿರುತ್ತಾರೆ. ಕೃಷ್ಣಾ ನದಿಯ ದಂಡೆ, ಆಚೆಗೆ ಮಹಾರಾಷ್ಟ್ರ, ಸಂತೆಗೆ ಐನಾಪುರ. ನಮ್ಮ ತೋಟದಲ್ಲಿ ಫೋನು ಒಮ್ಮೊಮ್ಮೆ ಆಚೆಯ ಟವರ್ ಹಿಡಿದು ನಮ್ಮೊಂದಿಗೆ ಮರಾಠಿಯಲ್ಲಿ ಮಾತಾಡುತ್ತದೆ. ಇಷ್ಟು ಗುರುತು ಸಾಕು.

ತೋಟ ಎಂದೆನಲ್ಲ, ಅಲ್ಲಿಂದಲೇ ಹೇಳಬೇಕು. ನಮ್ಮ ಕಡೆ ಒಕ್ಕಲುತನದವರಿಗೆ ಎರಡು ಮನೆ. ಒಂದು ಊರ ಮನೆ, ಇನ್ನೊಂದು ತೋಟದ ಮನೆ. ದೇವರ ಜಗುಲಿ ಇರುವುದು ಊರ ಮನೆಯಲ್ಲಿ. ರೇಶನ್ ಕಾರ್ಡು, ಆಧಾರ್, ಮತದಾರರ ಪಟ್ಟಿ ಎಲ್ಲದರಲ್ಲೂ ಇರುವುದು ಊರ ಮನೆಯ ವಿಳಾಸ. ಹಬ್ಬಕ್ಕೆ, ಮದುವೆ ಮಾತುಕತೆಗೆ, ಸತ್ತವರ ದಿನಕ್ಕೆ ಅದರ ಬಾಗಿಲು ತೆರೆಯುತ್ತದೆ. ಉಳಿದಂತೆ ನಾವು ಉಣ್ಣುವುದು, ಮಲಗುವುದು, ಜಗಳಾಡುವುದು ಎಲ್ಲ ತೋಟದಲ್ಲಿ. ಕಬ್ಬಿಗೆ ನೀರು ಬಿಡುವವರು, ದ್ರಾಕ್ಷಿ ಕಾಯುವವರು ಊರೊಳಗೆ ಕೂತರೆ ನಡೆಯುತ್ತದೆಯೇ? ರಾಯಬಾಗ, ಚಿಕ್ಕೋಡಿ, ಅಥಣಿ, ಕಾಗವಾಡ, ಎಲ್ಲಿ ಬೇಕಾದರೂ ಹೋಗಿ ನೋಡಿ. ಯಾರನ್ನಾದರೂ ಮನೆ ಎಲ್ಲಿ ಎಂದು ಕೇಳಿದರೆ ಊರ ಮನೆ ತೋರಿಸುತ್ತಾರೆ. ಎಲ್ಲಿರುತ್ತೀರಿ ಎಂದು ಕೇಳಿದರೆ ತೋಟ ತೋರಿಸುತ್ತಾರೆ. ಇಲ್ಲಿಯ ಕರೆಂಟ್ ಬಿಲ್ಲಿನವನಿಗೂ ಗೊತ್ತಿರುವ ಈ ಸಂಗತಿ ಚುನಾವಣೆ ನಡೆಸುವ ನಿಮಗೆ ಗೊತ್ತಿರಲಿಲ್ಲ ಎಂದರೆ ನಾನು ನಂಬಬೇಕೇ?

ನಮ್ಮ ಮನೆಯ ರಾಜಕೀಯವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಮೇಲಿನ ಸಂಶಯದ ತೂಕ ನಿಮಗೆ ತಿಳಿಯದು. ಅತ್ತೆಯ ಪಕ್ಷ ಬೇರೆ, ನನ್ನದು ಬೇರೆ. ಅವರು ತಮ್ಮ ತವರೂರಿನವರ ಪಕ್ಷ ಬಿಟ್ಟು ಇನ್ನೊಂದಕ್ಕೆ ಕೈ ಹಾಕಿದವರಲ್ಲ. ನನಗೆ ಆ ಪಕ್ಷ ಕಂಡರೆ ಆಗದು. ಮದುವೆಯಾಗಿ ಬಂದಾಗಿನಿಂದ ಇಬ್ಬರೂ ಒಂದೇ ಗಾಡಿಯಲ್ಲಿ ಕೂತು ಹೋಗಿ, ಒಬ್ಬರ ವೋಟನ್ನು ಇನ್ನೊಬ್ಬರು ಹೊಡೆದು ಹಾಕಿ, ಬರುತ್ತಾ ಚಹ ಕುಡಿದು ಬಂದಿದ್ದೇವೆ. "ನೀವಿಬ್ಬರೂ ಮನ್ಯಾಗ ಕುಂತರ ಡೀಸೆಲರ ಉಳೀತೈತಿ" ಎಂದು ನಮ್ಮ ಮನೆಯವರು ಪ್ರತಿ ಸಲ ಅನ್ನುತ್ತಿದ್ದರು. ಅತ್ತೆ ನಗುತ್ತಿದ್ದರು. ಈ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬರುವ ಮೊದಲಿನಿಂದ ಮತ ಹಾಕುತ್ತ ಬಂದ ಹೆಂಗಸು ಅವರು. ಒಂದು ಚುನಾವಣೆಯೂ ತಪ್ಪಿಸಿದವರಲ್ಲ.

ಈ ಸಲ ಅವರಿಗೆ ಸೊಂಟದ ನೋವು. ಅಂಗನವಾಡಿಯ ಹೀನಾ ನಮ್ಮ ಮತಗಟ್ಟೆಯ ಮಟ್ಟದ ನಿಮ್ಮ ಪ್ರತಿನಿಧಿ, ಒಳ್ಳೆಯ ಹುಡುಗಿ. ಸ್ಕೂಟಿ ಮೇಲೆ ತೋಟಕ್ಕೇ ಬಂದಳು. ದಯವಿಟ್ಟು ಗಮನಿಸಿ, ತೋಟಕ್ಕೇ. ನಮ್ಮ ಹೊರಸಿನ ಮೇಲೆ ಕೂತು, "ಆಯಿ, ವಯಸ್ಸಾದವರ ಮನಿಗೇ ವೋಟಿನ ಪೆಟ್ಟಿಗಿ ತರ್ತಾರ. ನೀವು ಬಿಸಿಲಾಗ ಬರೂದ ಬ್ಯಾಡ" ಎಂದು ಹನ್ನೆರಡು-ಡಿ ಎಂಬ ನಮೂನೆ ತೆಗೆದಳು. ಅತ್ತೆಗೆ ಅನುಮಾನ. "ಮನಿಗಿ ಬರೂ ವೋಟಿನ ಮ್ಯಾಲ ನಂಗ ನಂಬಿಗಿ ಇಲ್ಲ ಬೇ" ಎಂದರು. ಒತ್ತಾಯ ಮಾಡಿದವಳು ನಾನು. "ಹಾಕ್ರಿ ಅತ್ತಿ ಹೆಬ್ಬೆಟ್ಟು, ಸರಕಾರದವರು ಸುಳ್ಳ ಹೇಳ್ತಾರೇನು?" ಎಂದೆ. ಸ್ವಾಮಿ, ಆ ಮಾತಿಗೆ ನನ್ನ ನಾಲಿಗೆ ಇಂದಿಗೂ ಕಹಿಯಾಗುತ್ತದೆ. ಪಟ್ಟಿಯಲ್ಲಿ ಇದ್ದದ್ದನ್ನೇ ಬರೆಯಬೇಕು ಎಂದು ಹೀನಾ ವಿಳಾಸದ ಜಾಗದಲ್ಲಿ ಊರ ಮನೆಯನ್ನೇ ಬರೆದಳು. ನಾವೂ ತಲೆಯಾಡಿಸಿದೆವು. ನಮಗೆ ಅದು ತಪ್ಪೆಂದು ಹೊಳೆಯಲೇ ಇಲ್ಲ, ಯಾಕೆಂದರೆ ನಾವು ಎಲ್ಲ ಕಾಗದಕ್ಕೂ ಬರೆಸುವುದು ಅದನ್ನೇ. ಒಮ್ಮೆ ಹೆಬ್ಬೆಟ್ಟು ಬಿದ್ದು ಆ ಅರ್ಜಿ ಮಂಜೂರಾದರೆ ಮತಗಟ್ಟೆಯ ಬಾಗಿಲು ಆ ಮತದಾರರಿಗೆ ಮುಚ್ಚುತ್ತದೆ ಎಂದೂ ಯಾರೂ ಬಿಡಿಸಿ ಹೇಳಲಿಲ್ಲ.

ನಿಮ್ಮ ಕಾಯ್ದೆಯ ಭಾಷೆಯನ್ನು ನಾನು ಆಮೇಲೆ ಕೂತು ಓದಿದೆ. ಹೀಗೆ ಮನೆಯಲ್ಲಿ ಮತ ಹಾಕುವ ಮುದುಕಿಯ ಹೆಸರು ಗೈರುಹಾಜರಿ ಮತದಾರ. ಹುಟ್ಟಿದಾಗಿನಿಂದ ತವರಿನ ಮತ್ತು ಗಂಡನ ಮನೆಯ ತಾಲ್ಲೂಕು ದಾಟಿ ವಾಸ ಮಾಡದವರು ನಿಮ್ಮ ಲೆಕ್ಕದಲ್ಲಿ ಗೈರು. ಹಾಕುವ ಮತದ ಹೆಸರು ಅಂಚೆ ಮತ. ಅದಕ್ಕೆ ಅಂಚೆಯೂ ಇಲ್ಲ, ಪೋಸ್ಟ್‌ಮನ್ನೂ ಇಲ್ಲ, ನಿಮ್ಮದೇ ತಂಡ ಜೀಪಿನಲ್ಲಿ ಬಂದು ಹಾಕಿಸಿಕೊಂಡು ಹೋಗಬೇಕು. ಇರಲಿ, ಹೆಸರು ಏನಾದರೂ ಇಟ್ಟುಕೊಳ್ಳಿ. ನನ್ನ ತಕರಾರು ಹೆಸರಿನದಲ್ಲ. ತಂಡ ಬರುವ ದಿನವನ್ನು ಮತದಾರರಿಗೆ ಮುಂಚೆ ತಿಳಿಸಬೇಕು ಎಂಬ ನಿಯಮ ಇದೆ. ಮೊದಲ ಸಲ ಸಿಗದಿದ್ದರೆ ಇನ್ನೊಮ್ಮೆ ಬರಬೇಕು, ಎರಡನೇ ಸಲವೂ ಸಿಗದಿದ್ದರೆ ಮುಗಿಯಿತು ಎಂದೂ ಇದೆ. ಈ ಭೇಟಿಗಳ ವೇಳಾಪಟ್ಟಿಯನ್ನು ಅಭ್ಯರ್ಥಿಗಳಿಗೂ ಕೊಡಬೇಕು ಎಂದಿದೆ. ಕೊನೆಯದನ್ನು ಮಾತ್ರ ನೀವು ಚಾಚೂ ತಪ್ಪದೆ ಪಾಲಿಸಿರಬೇಕು. ತಂಡ ಬರುವ ದಿನ ಎಲ್ಲ ಪಕ್ಷದ ಏಜೆಂಟರಿಗೆ ಗೊತ್ತಿತ್ತು. ಗೊತ್ತಿಲ್ಲದೆ ಉಳಿದವರು ವೋಟು ಹಾಕಬೇಕಾದ ಮುದುಕಿ ಒಬ್ಬರೇ.

ಮೊದಲ ಸಲ ತಂಡ ಬಂದಾಗ ನಾವು ತೋಟದಲ್ಲಿದ್ದೆವು. ಒಣದ್ರಾಕ್ಷಿ ಶೆಡ್ಡಿನಲ್ಲಿತ್ತು, ಮೋಡ ಕವಿದಿತ್ತು, ಜಾಗ ಬಿಟ್ಟು ಕದಲುವ ಹಾಗಿರಲಿಲ್ಲ. ಜೀಪು ಊರ ಮನೆಯ ಮುಂದೆ ನಿಂತಿತು. ಎದುರಿಗೆ ಪಂಕ್ಚರ್ ಅಂಗಡಿಯ ಮೈಬೂಬ ಚಾಚಾ ಇದ್ದರು. ಅವರ ಮಾತನ್ನು ಅವರ ಬಾಯಲ್ಲೇ ಕೇಳಿ: "ನಾ ಅಂದ್ನಿರಿ, ಸಾಹೇಬ್ರ, ಅವರು ಇಲ್ಲಿ ಇರೂದಿಲ್ಲ, ತೋಟದಾಗ ಅದಾರ. ಕಾಲುವಿ ದಾಟಿದ್ರ ಬಂತು, ನಾನ ಬರ್ತೀನಿ ಜೀಪಿನಾಗ. ಅದಕ್ಕ ಅವ್ರು, ನಮ್ಮ ಕಾಗದದಾಗ ಈ ಮನಿ ಐತಿ, ಬ್ಯಾರೆ ಕಡೆ ಹೋಗಾಕ ನಮಗ ಅಧಿಕಾರ ಇಲ್ಲ ಅಂದ್ರು. ಒಬ್ಬಾವ ಕ್ಯಾಮೆರಾದಾಗ ಬೀಗದ್ದ ವಿಡಿಯೋ ತಕ್ಕೊಂಡ." ಹೌದು ಸ್ವಾಮಿ. ನಮ್ಮ ಬೀಗದ ವಿಡಿಯೋ ಸರ್ಕಾರದ ಹತ್ತಿರ ಭದ್ರವಾಗಿದೆ. ಪಾಪ, ಬೀಗಕ್ಕೆ ವೋಟು ಹಾಕಲು ಬರಲಿಲ್ಲ.

ಚಾಚಾ ಫೋನು ಮಾಡಿದರು. ಮತ್ತೆ ಬರುತ್ತೇವೆ ಎಂದು ಹೇಳಿ ಹೋಗಿದ್ದಾರಂತೆ, ಯಾವ ದಿನ ಎಂದು ಹೇಳಿಲ್ಲವಂತೆ. ಮರುದಿನ ಶೆಡ್ಡನ್ನು ಆಳುಗಳಿಗೆ ಬಿಟ್ಟು ಅತ್ತೆಯನ್ನು ಊರ ಮನೆಗೆ ಕರೆದುಕೊಂಡು ಹೋದೆ. ಹಸಿರು ಇಳಕಲ್ ಸೀರೆ ಉಟ್ಟರು. ಹಣೆತುಂಬ ವಿಭೂತಿ. ಬಾಗಿಲಿಗೆ ಎದುರಾಗಿ ಕಟ್ಟೆಯ ಮೇಲೆ ಕೂತವರು ಸಂಜೆಯವರೆಗೆ ಏಳಲಿಲ್ಲ. ಸೊಂಟ ನೋವು, ಒಳಗೆ ಮಲಗಿ ಎಂದರೆ, "ಅವರು ಬಂದು ಹೊಳ್ಳಿ ಹೋದ್ರ?" ಎಂದರು. ಓಣಿಯಲ್ಲಿ ಮೋಟರ್ ಸಪ್ಪಳ ಕೇಳಿದಾಗೆಲ್ಲ ಸೆರಗು ಸರಿ ಮಾಡಿಕೊಂಡರು. ಯಾರೂ ಬರಲಿಲ್ಲ. ಹೀನಾಗೆ ಫೋನು ಮಾಡಿದರೆ ಅವಳನ್ನು ಬೇರೆ ಕೆಲಸಕ್ಕೆ ಕಳಿಸಿದ್ದರು, ಅವಳಿಗೂ ತಿಳಿಯದು. ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅತ್ತೆಯನ್ನು ತೋಟಕ್ಕೆ ಕರೆತಂದೆ. ಅದರ ಮರುದಿನ ಬೆಳಿಗ್ಗೆ ನಿಮ್ಮ ಜೀಪು ಮತ್ತೆ ಬಂತು. ಮತ್ತೆ ಬೀಗ. ಚಾಚಾ ಫೋನು ಮಾಡುವಷ್ಟರಲ್ಲಿ, ನಾವು ಟ್ರ್ಯಾಕ್ಟರ್ ಹತ್ತುವಷ್ಟರಲ್ಲಿ, ಹೊರಟೇ ಹೋಗಿತ್ತು. ದಿನ ತಿಳಿಸಲು ಮೆಸೇಜು ಕಳಿಸಿದ್ದೆವು ಎನ್ನುತ್ತೀರಿ. ಯಾವ ಫೋನಿಗೆ? ನಮ್ಮ ಮನೆಯವರ ಫೋನು ಇಲ್ಲಿದೆ, ಬಂದು ನೋಡಿ, ಸಾಲದ ಜಾಹೀರಾತಿನ ಮೆಸೇಜುಗಳೆಲ್ಲ ಇವೆ, ನಿಮ್ಮದೊಂದಿಲ್ಲ.

ಮತದಾನದ ದಿನ ಅತ್ತೆ ಹಟ ಹಿಡಿದರು. ಕುರ್ಚಿಯಲ್ಲಿ ಕೂರಿಸಿ ಶಾಲೆಯ ಮೆಟ್ಟಿಲು ಹತ್ತಿಸಿದೆವು. ಒಳಗಿದ್ದ ಅಧಿಕಾರಿ ಪಟ್ಟಿ ನೋಡಿ, "ಅಜ್ಜಿ, ನಿಮ್ದು ಅಂಚೆ ಮತ ಅಂತ ಗುರುತು ಐತ್ರಿ. ಇಲ್ಲಿ ಹಾಕಾಕ ಬರೂದಿಲ್ಲ" ಎಂದರು. ಅತ್ತೆ ಬೆರಳು ಎತ್ತಿ ತೋರಿಸಿದರು. "ನೋಡ್ರಿ, ಮಸಿ ಐತೇನು? ನಾ ಹಾಕಿಲ್ಲ. ಮತ್ತ ನಂದು ಹಾಕಿದಾವ್ರು ಯಾರು?" ಅಧಿಕಾರಿ, "ಅದು ನಮಗ ಗೊತ್ತಾಗೂದಿಲ್ಲರಿ" ಎಂದು ಮುಂದಿನವರನ್ನು ಕರೆದರು. ಮುಂದಿನವಳು ನಾನೇ. ನನ್ನ ಬೆರಳಿಗೆ ಮಸಿ ಬಿತ್ತು. ಅತ್ತೆ ನನ್ನ ಬೆರಳನ್ನೂ ನೋಡಿದರು, ನನ್ನ ಮುಖವನ್ನೂ ನೋಡಿದರು. ಆ ದಿನ ಬರುತ್ತಾ ಚಹ ಕುಡಿಯಲಿಲ್ಲ.

ಎಣಿಕೆಯಾಯಿತು. ನನ್ನ ಪಕ್ಷ ಗೆದ್ದಿತು. ಗೆದ್ದ ದಿನ ನನಗೆ ಅಳು ಬಂದಂತಾಯಿತು ಎಂದರೆ ನಗಬೇಡಿ. ಅತ್ತೆ ಒಂದೊಂದೇ ಜೋಡಿಸಿದರು: "ಹೆಬ್ಬೆಟ್ಟು ಹಾಕ್ ಅಂದಾಕಿ ನೀನು. ಅವರು ಬರದ ದಿನ ಕರ್ಕೊಂಡು ಹೋದಾಕಿ ನೀನು. ಅವರು ಬರೂ ದಿನ ಕೀಲಿ ನಿನ್ನ ನಡದಾಗ. ಗೆದ್ದದ್ದೂ ನಿಂದ." ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ನ್ಯಾಯಾಧೀಶರ ಮುಂದೆ ನಿಲ್ಲಿಸಿದರೆ ನನಗೆ ಶಿಕ್ಷೆಯಾಗುತ್ತದೆ. ಅತ್ತೆಯ ಪಕ್ಷದ ಏಜೆಂಟ ಬಾಳಾಸಾಬ ಓಣಿಯಲ್ಲಿ ಸಿಕ್ಕವನು, "ವಹಿನಿ, ಕೀಲಿ ನಿಮ್ಮ ಕಡೇನ ಇತ್ತಂತಲ್ಲರಿ?" ಎಂದು ಮೀಸೆಯಲ್ಲೇ ನಕ್ಕ. ಬರುವ ದಿನ ನಿನಗೆ ಗೊತ್ತಿತ್ತಲ್ಲ, ನಿನ್ನ ಪಕ್ಷದ ಮುದುಕಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, "ನಾ ಆಗ ಊರಾಗ ಇರಲಿಲ್ಲರಿ" ಎಂದ. ಊರೊಳಗೆ ಇದ್ದವನೋ ಇಲ್ಲದವನೋ ನನಗೇನು ಗೊತ್ತು? ನನಗೀಗ ಎಲ್ಲರ ಮೇಲೂ ಸಂಶಯ. ಬಾಳಾಸಾಬನ ಮೇಲೆ, ನಿಮ್ಮ ತಂಡದ ಮೇಲೆ, ಆ ಮೂರನೇ ದಿನ ಆರಿಸಿದವರ ಮೇಲೆ. ನಮ್ಮ ಅತ್ತೆ ಹಾಕಬೇಕಾಗಿದ್ದ ಮತಪತ್ರ ಖಾಲಿಯಾಗಿ ವಾಪಸು ಹೋಯಿತೋ, ಜೀಪಿನಲ್ಲೇ ಯಾರಾದರೂ ತುಂಬಿದರೋ ಎಂಬುದು ಕೂಡ ತಲೆಯಲ್ಲಿ ಕೊರೆಯುತ್ತದೆ. ಹಾಗೆ ನಡೆದಿದೆ ಎಂದು ಹೇಳುತ್ತಿಲ್ಲ. ನಡೆದಿಲ್ಲ ಎಂದು ಹೇಳಬೇಕಾದವರು ನೀವು.

ಕೇಳಲು ನಿಮ್ಮ ಕಚೇರಿಗೇ ಬಂದಿದ್ದೆ. ಮೇಜಿನ ಆಚೆ ಕೂತವರು, "ಮತದಾನ ಗೌಪ್ಯ ಇರ್ತೈತ್ರಿ ಬಾಯಿ, ಹೇಳಾಕ ಬರೂದಿಲ್ಲ" ಎಂದರು. ಎಂಥ ಗೌಪ್ಯ? ಗಿರಿಜವ್ವ ಯಾರಿಗೆ ಹಾಕಿದರು ಎಂದು ನಾನು ಕೇಳಿದೆನೇ? ಅದು ನಮ್ಮ ಓಣಿಯ ಕೋಳಿಗೂ ಗೊತ್ತು. ಹಾಕಿದರೋ ಇಲ್ಲವೋ ಎಂದು ಕೇಳಿದೆ. ಮತಗಟ್ಟೆಯಲ್ಲಿ ಯಾರು ಬಂದರು, ಯಾರು ಬರಲಿಲ್ಲ ಎಂದು ಏಜೆಂಟರು ಕೂತು ಗೀಟು ಹಾಕುತ್ತಾರೆ, ಅದು ಗೌಪ್ಯವಲ್ಲ. ಮನೆಯ ಮತ ಮಾತ್ರ ಗೌಪ್ಯವೇ? ಇನ್ನೊಬ್ಬರು, "ಸಾವಿರಗಟ್ಟಲೆ ಅಂತರದಾಗ ಗೆದ್ದಾರ, ಆ ಒಂದ ವೋಟಿಗೆ ಏನು ಇಷ್ಟ ಗದ್ದಲ?" ಎಂದರು. ಒಂದೊಂದು ವೋಟೂ ಅಮೂಲ್ಯ ಎಂದು ಬರೆಸಿ ಗೋಡೆಗೆ ತೂಗಿಸಿದ ಫಲಕದ ಕೆಳಗೇ ಅವರು ಕೂತಿದ್ದರು. ಆ ಫಲಕವನ್ನು ಇಳಿಸಿಬಿಡಿ, ಬಣ್ಣದ ಖರ್ಚಾದರೂ ಉಳಿದೀತು.

ಈಗ ನನ್ನ ಬೇಡಿಕೆ ಕೇಳಿ. ಪರಿಹಾರ ಬೇಡ, ಕ್ಷಮೆಯ ಪತ್ರ ಬೇಡ, ಯಾರ ನೌಕರಿಯೂ ಹೋಗುವುದು ಬೇಡ. ಮುಂದಿನ ಸಲ ಅರ್ಜಿಯಲ್ಲಿ 'ಈಗ ವಾಸವಿರುವ ಜಾಗ' ಎಂದು ಒಂದು ಸಾಲು ಸೇರಿಸಿ, ಬರುವ ದಿನವನ್ನು ಏಜೆಂಟರಿಗೆ ಹೇಳುವ ಮೊದಲು ಮತದಾರರಿಗೆ ಹೇಳಿ, ಮನೆಯಲ್ಲಿ ಮತ ಬೀಳದೆ ಉಳಿದವರಿಗೆ ಮತಗಟ್ಟೆಯ ಬಾಗಿಲು ತೆರೆಯಿರಿ. ಅದೆಲ್ಲ ನಿಮಗಿಂತ ಮೇಲಿನವರ ಕೆಲಸ ಎಂದರೆ ಅವರಿಗೆ ಬರೆಯಿರಿ. ನಿಮ್ಮದೇ ಕೆಲಸ ಒಂದಿದೆ. ನೀವೇ ಒಮ್ಮೆ ಬನ್ನಿ, ಇಲ್ಲವೇ ನಿಮ್ಮ ಅಧಿಕಾರವಿರುವ ಒಬ್ಬರನ್ನು ಕಳಿಸಿ. ನಮ್ಮ ಅತ್ತೆಯ ಮುಂದೆ ಕೂತು, ಅವರ ಕಿವಿ ಮಂದ, ಸ್ವಲ್ಪ ಜೋರಾಗಿ ಹೇಳಿ: ನಿಮ್ಮ ವೋಟು ಬಿದ್ದಿಲ್ಲ, ತಪ್ಪು ನಮ್ಮದು, ನಿಮ್ಮ ಸೊಸೆಯದಲ್ಲ. ಬಿದ್ದಿದ್ದರೆ ಅದನ್ನೂ ಹೇಳಿ. ನನ್ನ ಗಂಡ ಹೇಳಿದರೆ ಹೆಂಡತಿಯ ಪರ ಎನ್ನುತ್ತಾರೆ, ಹೀನಾ ಹೇಳಿದರೆ ಗೆಳತಿಯ ಪರ ಎನ್ನುತ್ತಾರೆ. ಸರ್ಕಾರದ ಬಾಯಿಂದ ಬಂದರೆ ಮಾತ್ರ ನಂಬುವ ತಲೆಮಾರು ಅವರದು.

ಬೇಗ ಬನ್ನಿ. ನನ್ನ ಕೈಯ ರೊಟ್ಟಿಯನ್ನು ಅವರು ಮುಟ್ಟುತ್ತಿಲ್ಲ. ಪಕ್ಕದ ತೋಟದ ಶೀತಲ ತಂದು ಕೊಟ್ಟರೆ ಅರ್ಧ ಮುರಿದು ತಿನ್ನುತ್ತಾರೆ. ಮೈ ಇಳಿದಿದೆ. ಮೊನ್ನೆ ತಮ್ಮ ಮಗನನ್ನು ಹತ್ತಿರ ಕರೆದು, ನನಗೆ ಕೇಳಲೆಂದೇ ಇರಬೇಕು, ಗಟ್ಟಿಯಾಗಿ ಹೇಳಿದರು: "ನನ್ನ ಜೀವಾ ಹೋಗೂ ಹೊತ್ತಿನಾಗ ಬಾಯಾಗ ನೀರು ನೀ ಬಿಡಪಾ. ಆಕಿ ಬ್ಯಾಡ."

ಇಂತಿ,
ನೀವು ಬಾಯಿ ಬಿಡುವವರೆಗೆ ಊರ ಕಣ್ಣಿನಲ್ಲಿ ಕಳ್ಳಿ,
ಗಿರಿಜವ್ವನ ಸೊಸೆ ದಾನೇಶ್ವರಿ