ಮಾಳಮ್ಮ ಅಂದದ್ದು ಅದಲ್ಲ

ಚೀನೀ ಭಾಷೆಯ ಸರ್ಕಾರಿ ಉಪಗ್ರಹ ವಾಹಿನಿಯ ಪ್ರಧಾನ ಸಂಪಾದಕರೇ,

ನಮ್ಮ ಮಾಳಮ್ಮನ ಒಂದೇ ಮುಖವನ್ನು ನೀವು ಎರಡು ಸಲ ಬಳಸಿಕೊಂಡಿದ್ದೀರಿ. ಸುರಪುರದ ಹತ್ತಿರ ದೇವಾಪುರದಾಚೆ, ಕಾಲುವೆಯ ಕಟ್ಟಕಡೆಯಲ್ಲಿ ಎರಡೆಕರೆ ಹತ್ತಿ ಬೆಳೆಯುವ ಹೆಂಗಸು ಆಕೆ. ನಿಮ್ಮ ಸರ್ಕಾರವೂ ನಮ್ಮ ಸರ್ಕಾರವೂ ಕೈಕುಲುಕಿದ ವರ್ಷ ನಿಮ್ಮ ತಂಡ ಬಂದು ಆಕೆಯ ಚಿತ್ರ ತೆಗೆಯಿತು. ಆಗ ನಿಮ್ಮ ಪರದೆಯ ಮೇಲೆ ಆಕೆ ನೆರೆನಾಡಿನ ಸುಖಿ ರೈತ ಮಹಿಳೆ. ಹದಿಮೂರು ವರ್ಷದ ಬಳಿಕ ಗಡಿಯಲ್ಲಿ ಸಂಬಂಧ ಕೆಟ್ಟಿತು. ಅದೇ ಮಾಳಮ್ಮ, ಅದೇ ಸೀರೆ, ಹಿಂದೆ ಅದೇ ತುಂಬಿದ ಕಾಲುವೆ. ಈ ಸಲ ಮಾತ್ರ ಆಕೆ ನೀರು ಬರುವುದಿಲ್ಲವೆಂದು ತನ್ನ ದೇಶಕ್ಕೇ ಶಾಪ ಹಾಕುವ ಬಡಪಾಯಿ. ಎರಡರಲ್ಲೂ ಆಕೆಯ ದನಿ ಕೇಳದಂತೆ ಮೇಲೆ ಚೀನೀ ದನಿ ಹಚ್ಚಿದ್ದೀರಿ. ಚೀನಾದಲ್ಲಿ ಡಾಕ್ಟರಿಕೆ ಓದಿ ಬಂದ ಶಹಾಪುರದ ನೀಲಕಂಠ ಎರಡನ್ನೂ ಫೋನಿನಲ್ಲಿ ತೋರಿಸಿ ನನಗೆ ಅರ್ಥ ಹೇಳಿದ. ಹೊಲದಲ್ಲಿ ನಿಂತ ಒಬ್ಬಾಕೆ ಏನೆಂದಳು ಎಂಬುದನ್ನು ನಿಮ್ಮಲ್ಲಿ ಯಾರು ತೀರ್ಮಾನಿಸುತ್ತಾರೆ? ಕೇಳಿದ ವರದಿಗಾರರೋ, ಕೇಳಿಯೇ ಇಲ್ಲದ ನಿಮ್ಮ ಪಕ್ಷದ ಹಿರಿಯರೋ?

ಆ ಎರಡನೆಯ ತುಣುಕು ಕನ್ನಡದ ಅರ್ಥದೊಂದಿಗೆ ಈಗ ಊರಿನ ಫೋನುಗಳಲ್ಲೆಲ್ಲ ಓಡಾಡುತ್ತಿದೆ. ಚೀನಾದವರ ಮುಂದೆ ದೇಶದ ಮಾನ ಕಳೆದವಳೆಂದು ಆಕೆಯ ಹೊಲಕ್ಕೆ ಯಾರೂ ಆಳು ಹೋಗುತ್ತಿಲ್ಲ. ಹತ್ತಿ ಒಡೆದು ಗಿಡದಲ್ಲೇ ನಿಂತಿದೆ. ಅರವತ್ತು ದಾಟಿದವಳು ಒಬ್ಬಳೇ ಬಿಡಿಸುತ್ತಿದ್ದಾಳೆ.

ನಿಮ್ಮನ್ನು ಇಷ್ಟು ಬೈದ ಮೇಲೆ ನಾನು ಯಾರೆಂದು ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ. ಆಗ ನಾನು ಕಾಲುವೆ ಕಚೇರಿಯ ಗುಮಾಸ್ತ. ಹಿಂದಿ ಬರುತ್ತದೆಂದು ನಿಮ್ಮ ತಂಡದ ಜೊತೆ ನನ್ನನ್ನು ಕಳಿಸಿದ್ದರು. ನಿಮ್ಮವರು ಬರುವ ದಿನಕ್ಕೆಂದು ನೀರಿನ ಸರದಿ ಮುರಿದು, ಮೇಲಿನ ಊರುಗಳ ಗೇಟು ಮುಚ್ಚಿಸಿ, ಕೊನೆಯವರೆಗೆ ನೀರು ಹರಿಸಿದ ಆದೇಶವನ್ನು ಬರೆದದ್ದೂ ಈ ಕೈಯೇ. ಕ್ಯಾಮೆರಾದ ಮುಂದೆ ಮಾಳಮ್ಮ ಅಂದದ್ದು ಇಷ್ಟು:

“ನೀರ ಇವತ್ತಷ್ಟ ಬಂದಾವ್ರಿ. ನೀವು ಬರ್ತೀರಂತ ಬಿಟ್ಟಾರ. ನಾಳಿ ಬಂದು ನೋಡ್ರಿ, ಕಾಲುವ್ಯಾಗ ಹನಿ ಇರಂಗಿಲ್ಲ. ಎರಡು ವರ್ಸದಿಂದ ಅರ್ಜಿ ಕೊಡಾಕತ್ತೇನಿ, ಒಬ್ರೂ ಹಣಿಕಿ ಹಾಕಿಲ್ಲ.”

ನಾನು ಹಿಂದಿಯಲ್ಲಿ ಹೇಳಿದ್ದು, ನೀರು ದಿನಾ ಬರುತ್ತದೆ, ಈಕೆ ಬಹಳ ಸುಖವಾಗಿದ್ದಾಳೆ ಎಂದು. ಹಿಂದಿ ಬಲ್ಲ ನಿಮ್ಮ ದುಭಾಷಿ ತಲೆಯಾಡಿಸಿ ಬರೆದುಕೊಂಡಳು. ಹಾಗೆ ಹೇಳೆಂದು ನನಗೆ ಯಾರೂ ಹೇಳಿರಲಿಲ್ಲ. ನಿಮ್ಮ ತಲೆಯ ಮೇಲೆ ಒಂದು ಸರ್ಕಾರ, ಒಂದು ಪಕ್ಷ ಕೂತಿದೆ. ನನ್ನ ತಲೆಯ ಮೇಲೆ ಯಾರು ಕೂತಿದ್ದರು? ಪರದೇಶದವರ ಮುಂದೆ ನಮ್ಮ ಹುಳುಕು ಯಾಕೆ ಅಂದುಕೊಂಡೆ, ಕಚೇರಿಯ ಸಾಹೇಬರೂ ಖುಷಿಯಾಗುತ್ತಾರೆ ಅಂದುಕೊಂಡೆ, ಅಷ್ಟೇ. ಜೀಪು ಹತ್ತುವಾಗ ಆಕೆ ಹತ್ತಿರ ಬಂದಳು.

“ನಾ ಅಂದದ್ದು ಅಂದಂಗ ಹೇಳಿದ್ರಿಲ್ರಿ, ಸಾಹೇಬ್ರ?”

“ಹೇಳೀನವ್ವ,” ಅಂದೆ.

ದೇಶಕ್ಕೆ ಹಾಕಿದ ಶಾಪ ನಿಮ್ಮ ಸೇರ್ಪಡೆ. ಆದರೆ ನೀರು ಬರುವುದಿಲ್ಲ ಎಂದಿರಲ್ಲ, ನಮ್ಮ ಮೇಲಿನ ಹಗೆಗಾದರೂ ಅಷ್ಟು ನಿಜ ನಿಮ್ಮ ಬಾಯಿಂದ ಬಂತು. ನನ್ನ ಬಾಯಿಂದ ಅದೂ ಬರಲಿಲ್ಲ.

ಹೋದ ವಾರ ಆಕೆಯ ಹೊಲಕ್ಕೆ ಹೋಗಿ ಎಲ್ಲ ಒಪ್ಪಿಕೊಂಡೆ. ಆಕೆ ಬೈಯಲಿಲ್ಲ. “ಅಂದ್ರ ಅವತ್ತು ನಾ ಆಡಿದ ಮಾತು ಯಾರಿಗೂ ಮುಟ್ಟಿಲ್ಲೇನ್ರಿ?” ಎಂದು ಕೇಳಿ ಮತ್ತೆ ಹತ್ತಿ ಬಿಡಿಸತೊಡಗಿದಳು. ಊರಲ್ಲಿ ಹೇಳಿದರೆ, “ಮುದುಕಿ ಮ್ಯಾಲ ಕನಿಕರ ಬಂದು ಸುಳ್ಳು ಹೇಳಾಕತ್ತೀರಿ, ಬಿಡ್ರಿ,” ಎಂದರು. ನಿಜ ಹೇಳಿದರೂ ನಂಬಿಸಲಾರೆ, ನನ್ನ ಮಾತಿಗೆ ಉಳಿದ ಬೆಲೆ ಇಷ್ಟೇ.

ಆದ್ದರಿಂದ ಕೇಳುತ್ತೇನೆ. ಅಂದು ತೆಗೆದ ಚಿತ್ರವನ್ನು ಕತ್ತರಿಸದೆ, ಯಾರ ದನಿಯನ್ನೂ ಮೇಲೆ ಹಚ್ಚದೆ, ಇದ್ದದ್ದು ಇದ್ದಂತೆ ಕಳಿಸಿರಿ. ಊರ ಕಟ್ಟೆಯ ಮುಂದೆ ಪರದೆ ಕಟ್ಟಿಸಿ ತೋರಿಸುತ್ತೇನೆ. ಮೊದಲು ಆಕೆಯ ಮಾತು ಎಲ್ಲರಿಗೂ ಕೇಳಲಿ. ಅದರ ಹಿಂದೆಯೇ ನಾನು ಹೇಳಿದ್ದೂ ಕೇಳುತ್ತದೆ. ಆ ಭಾಗವನ್ನು ದಯವಿಟ್ಟು ತೆಗೆಯಬೇಡಿರಿ.

ಇಂತಿ,
ನಿಮಗಿಂತ ಮೊದಲೇ ಆಕೆಯ ಮಾತು ತಿರುಚಿದ
ಅಮರಪ್ಪ, ನಿವೃತ್ತ ಗುಮಾಸ್ತ, ಶಹಾಪುರ