ಗೌಸಬೀಯ ಮಗ್ಗುಲ ಮನೆ

ಹೊಸ ಊರು, ಕೊಪ್ಪಳ ತಾಲೂಕು
೧೨-೧೨-೧೯೪೯

ಚಿರಂಜೀವಿ ಸೌಭಾಗ್ಯವತಿ ಪಂಪಾವತಿಗೆ ನಿನ್ನ ಅವ್ವನ ತುಂಬು ಮನಸ್ಸಿನ ಆಶೀರ್ವಾದ.

ಹೊಳೆದಂಡೆಯ ಮನೆಯೇ ಇಲ್ಲದ ಮೇಲೆ ಬಾಣಂತನಕ್ಕೆ ಎಲ್ಲಿಗೆ ಬರಲಿ ಎಂದು ಬರೆದಿದ್ದೀ. ಅಣೆಕಟ್ಟಿನ ನೀರು ಬರುತ್ತದೆಂದು ನಮ್ಮನ್ನು ಎಬ್ಬಿಸಿದಾಗ ತೊಲೆ, ಬಾಗಿಲು ಕಿತ್ತು ಬಂಡಿಯಲ್ಲಿ ತಂದವರು ನಿನ್ನ ಅಪ್ಪನೇ. ನೀನು ಜೋಕಾಲಿ ಕಟ್ಟುತ್ತಿದ್ದ ತೊಲೆ ಇಲ್ಲಿನ ಪಡಸಾಲೆಯಲ್ಲಿದೆ. ಹಗ್ಗ ತಿಕ್ಕಿದ ಗುರುತು ಹಾಗೇ ಇದೆ.

ಹೊಸ ಊರು ಛಲೋ ಇದೆ. ಇಂಜಿನಿಯರರು ಹಗ್ಗ ಹಿಡಿದು ಹಾಕಿದ ನೆಟ್ಟನೆಯ ಓಣಿಗಳು. ಪ್ರತಿ ಮನೆಗೂ ಬೆಳಕಿಂಡಿ, ಹಿತ್ತಲು. ಒಲೆ ಮುಂದೆ ಕಣ್ಣುರಿಯುವುದಿಲ್ಲ, ಮಳೆಗೆ ರಾಡಿಯಾಗುವುದಿಲ್ಲ. ಆದರೆ ಚೀಟಿ ಎತ್ತಿ ಮನೆ ಹಂಚಿದ್ದರಿಂದ ನೆರೆಹೊರೆಯೆಲ್ಲ ಚದುರಿಹೋಯಿತು. ಹಳೇ ಊರಲ್ಲಿ ನಮಗೂ ಗೌಸಬೀಗೂ ಒಂದೇ ಗೋಡೆ. ನನ್ನ ಹೆರಿಗೆ ಮಾಡಿಸಿ ನಿನಗೆ ಮೊದಲ ನೀರೆರೆದವಳು ಅವಳು. ಕೆಂಡ, ಪುಂಡಿಪಲ್ಯ, ಆಗಾಗ ಒಂದಿಷ್ಟು ಬೈಗುಳ, ಎಲ್ಲ ಆ ಗೋಡೆ ದಾಟುತ್ತಿದ್ದವು. ಇಲ್ಲಿ ಅವಳಿಗೆ ಕೊನೆಯ ಸಾಲು ಬಂತು. ಸಂಜೆ ಕಟ್ಟೆಯ ಮೇಲೆ ಕೂತರೆ ಹೊಳೆಯ ಸಪ್ಪಳವೂ ಇರಲಿಲ್ಲ, ಅವಳ ಕೆಮ್ಮೂ ಇರಲಿಲ್ಲ.

ನಮಗೆ ಬಂದದ್ದು ಬಾವಿಯ ಹತ್ತಿರದ ಮೂಲೆಮನೆ, ಎಲ್ಲರ ಕಣ್ಣೂ ಅದರ ಮೇಲಿತ್ತು. ಗೌಸಬೀಯ ಮಗ್ಗುಲಲ್ಲಿದ್ದ ದ್ಯಾವಪ್ಪನ ಹೆಂಡತಿಗೆ ಕಾಲುನೋವು, ನೀರು ಹೊರುವುದು ಕಷ್ಟ. ಮನೆ ಬದಲಿಸಿಕೊಳ್ಳೋಣವೇ ಎಂದು ನಿನ್ನ ಅಪ್ಪನೇ ಹೋಗಿ ಕೇಳಿದರು. ದ್ಯಾವಪ್ಪ ಒಪ್ಪಿದ. ಕಚೇರಿಯವರು ಮಾತ್ರ ನಂಬರು ಬದಲಾಗದು ಎಂದರು.

“ನಂಬರು ನಿಮ್ಮ ಕಾಗದದಾಗ ಇರ್ಲಿರಿ ಸಾಹೇಬ್ರ. ಒಲಿ ಎಲ್ಲಿ ಹೂಡಬೇಕು ಅನ್ನೋದನ್ನ ನಮ್ಮ ಹೆಣ್ಮಕ್ಕಳು ನೋಡ್ಕೊಂತಾರ” ಎಂದು ನಿನ್ನ ಅಪ್ಪ ಹೇಳಿ ಬಂದರಂತೆ.

ಹೋದ ಸೋಮವಾರ ಆ ತೊಲೆಯನ್ನೂ ತಂದು, ಗೌಸಬೀಯ ಮಗ್ಗುಲ ಈ ಮನೆಯಲ್ಲಿ ಹಾಲು ಉಕ್ಕಿಸಿದೆವು. ನಡುವೆ ಗಾಳಿಗೆಂದು ಜಾಗ ಬಿಟ್ಟಿದ್ದರೂ ಗೌಸಬೀ ಕೆಮ್ಮಿದರೆ ಕೇಳುತ್ತದೆ. ಬಂದವಳೇ, “ಕಳಕವ್ವಾ, ಹುಡುಗೀನ ಕರ್ಸು. ನನ್ನ ಕೈಯಾಗ ಇನ್ನೂ ಕಸುವು ಐತಿ” ಅಂದಳು.

ಬಿಸಿಲು ಬೀಳುವ ಕೋಣೆಯನ್ನು ಸಾರಿಸಿಟ್ಟಿದ್ದೇನೆ. ನಾನು ಆರಾಮಾಗಿದ್ದೇನೆ, ನನ್ನ ಚಿಂತೆ ಬೇಡ. ಬಾ, ಮಗಳೇ.

ನಿನ್ನ ಅವ್ವ,
ಕಳಕಮ್ಮ

ತಾ.ಕ.: ಟಪಾಲಿಗೆ ಹಾಕೆಂದು ನಿನ್ನ ಅವ್ವ ಇದನ್ನು ನನ್ನ ಕೈಗೆ ಕೊಟ್ಟಳು. ಅವಳು ಬರೆಯದ್ದನ್ನು ನಾನು ಬರೆಯುತ್ತಿದ್ದೇನೆ. ಶ್ರಾವಣದಲ್ಲಿ ನಾನು ಯಲಬುರ್ಗಾಕ್ಕೆ ಹೋಗಿದ್ದಾಗ ಮೂಲೆಮನೆಯಲ್ಲಿ ಜ್ವರದಿಂದ ಬಿದ್ದಿದ್ದಳು. ರಾತ್ರಿ ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಮರುದಿನ ಗೌಸಬೀ ಹುಡುಕಿಕೊಂಡು ಬಂದದ್ದರಿಂದ ಉಳಿದಳು. ನಿನಗೆ ತಿಳಿಸಬಾರದೆಂದು ಆಣೆ ಹಾಕಿಸಿಕೊಂಡಿದ್ದಾಳೆ. ಬರುವ ಸೋಮವಾರ ಬಂಡಿ ಕಟ್ಟಿಕೊಂಡು ನಾನೇ ಬರುತ್ತೇನೆ. ಒಲ್ಲೆ ಅನ್ನಬೇಡ, ತಾಯಿ. — ನಿನ್ನ ಅಪ್ಪ, ಈಶಪ್ಪ